ಕೊಲ್ಲದವನನ್ನು ಕೊಲೆಗಾರನೆನ್ನುವ ಕಾನೂನು

ಅಮೆರಿಕದ ‘ಫೆಲೊನಿ ಮರ್ಡರ್’ ಕಾನೂನನ್ನು ತಿದ್ದಿ ಎಂದವರೆಲ್ಲ ಕೊಲೆಗಡುಕರ ವಕೀಲರೆಂಬ ಬೈಗುಳ ತಿನ್ನಬೇಕಾಗಿದೆ. ಯಾವ ಕೊಲೆಗಡುಕರು? ದರೋಡೆಯಂಥ ಅಪರಾಧದ ನಡುವೆ ಯಾರಾದರೂ ಸತ್ತರೆ ಅದರಲ್ಲಿ ಕೈಜೋಡಿಸಿದ ಎಲ್ಲರ ತಲೆಗೂ ಕೊಲೆಯನ್ನು ಕಟ್ಟುವ ಕಾನೂನಿದು. ಗುಂಡು ಹಾರಿಸಿದವನೂ ಒಂದೇ, ಹೊರಗೆ ಕಾವಲು ನಿಂತವನೂ ಒಂದೇ. ಫ್ಲಾರಿಡಾದಲ್ಲಿ 2003ರಲ್ಲಿ ಯುವಕನೊಬ್ಬ ಗೆಳೆಯನಿಗೆ ತನ್ನ ಕಾರು ಕೊಟ್ಟು ಮನೆಯಲ್ಲೇ ಉಳಿದ. ಕಾರು ಒಯ್ದವರು ಕಳ್ಳತನಕ್ಕೆ ನುಗ್ಗಿದ ಮನೆಯಲ್ಲಿ ಯುವತಿಯ ಕೊಲೆಯಾಯಿತು. ಅವರು ಕದಿಯಲು ಹೊರಟದ್ದು ಅವನಿಗೆ ತಿಳಿದಿತ್ತೆಂದೇ ಇಟ್ಟುಕೊಳ್ಳೋಣ. ಕಳ್ಳತನಕ್ಕೆ ನೆರವಾದದ್ದಕ್ಕೆ ಶಿಕ್ಷೆಯಾಗಲಿ. ಆದರೆ ಕೋರ್ಟು ವಿಧಿಸಿದ್ದು ಪೆರೋಲ್ ಇಲ್ಲದ ಜೀವಾವಧಿ. 2015ರಲ್ಲಿ ಗವರ್ನರರು ಅದನ್ನು 25 ವರ್ಷಕ್ಕೆ ಇಳಿಸಬೇಕಾಯಿತು.

ಇಂಥ ಶಿಕ್ಷೆಯ ಭಯವಿದ್ದರೆ ಜೀವಗಳು ಉಳಿಯುತ್ತವೆ ಎನ್ನುತ್ತಾರೆ ಈ ಕಾನೂನಿನ ಸಮರ್ಥಕರು. ಯಾರಾದರೂ ಸತ್ತಾರೆಂಬ ಎಣಿಕೆಯೇ ಇಲ್ಲದವನನ್ನು ಆ ಭಯ ತಡೆಯುವುದು ಹೇಗೆ? ಕೊಲ್ಲಲೆಂದೇ ಹೊರಟವನಿಗೆ ಸಾಮಾನ್ಯ ಕೊಲೆ ಕಾನೂನೇ ಸಾಕು. ನಮ್ಮ ದಂಡಸಂಹಿತೆಯ 1837ರ ಕರಡಿನಲ್ಲೇ ಮೆಕಾಲೆ ಈ ಮಾತು ಹೇಳಿದ್ದ: ಅಪರಾಧದ ನಡುವೆ ಆಕಸ್ಮಿಕವಾಗಿ ಆದ ಸಾವಿಗೆ ಕೊಲೆಯ ಶಿಕ್ಷೆ ಕೊಟ್ಟರೆ ಯಾರ ಜೀವಕ್ಕೂ ಹೆಚ್ಚಿನ ರಕ್ಷಣೆ ಸಿಗದು. ಈ ನಿಯಮವನ್ನು ಅಮೆರಿಕಕ್ಕೆ ದಾಟಿಸಿದ ಇಂಗ್ಲೆಂಡೇ 1957ರಲ್ಲಿ ಅದನ್ನು ಕೈಬಿಟ್ಟಿತು. 1980ರಲ್ಲಿ ಮಿಷಿಗನ್‌ನ ಸುಪ್ರೀಂ ಕೋರ್ಟೂ ಕಿತ್ತೊಗೆಯಿತು. ಡಕಾಯಿತಿಯಲ್ಲಿ ಒಬ್ಬ ಕೊಂದರೂ ಎಲ್ಲರೂ ಹೊಣೆ ಎಂಬ ಕಲಮು ಭಾರತದಲ್ಲೂ ಇದೆಯಲ್ಲ ಎನ್ನಬಹುದು. ಇದೆ, ಅದೂ ಕಠೋರವೇ. ಆದರೆ ಇಲ್ಲಿ ಯಾರ ಪಾಲೆಷ್ಟು ಎಂದು ತೂಗಿ ಶಿಕ್ಷೆಯಲ್ಲಿ ಹೆಚ್ಚುಕಮ್ಮಿ ಮಾಡುವ ಅಧಿಕಾರ ನ್ಯಾಯಾಧೀಶರಿಗಿದೆ.

ಆ ಅಧಿಕಾರವನ್ನೇ ಕಸಿದುಕೊಂಡ ಪೆನ್ಸಿಲ್ವೇನಿಯಾದ ಕಾನೂನು ಸಾವಿರಕ್ಕೂ ಹೆಚ್ಚು ಜನರನ್ನು ಪೆರೋಲ್ ಇಲ್ಲದ ಜೀವಾವಧಿಗೆ ನೂಕಿತು. ಅವರು ಕ್ಷಮೆ ಕೇಳಿದರೆ ಕ್ಷಮಾದಾನ ಮಂಡಳಿಯ ಐವರೂ ಒಪ್ಪಬೇಕು. ಒಬ್ಬರು ಬೇಡವೆಂದರೆ ಅರ್ಜಿ ಗವರ್ನರ್ ಮೇಜನ್ನೂ ಮುಟ್ಟದು. ಮತಕ್ಕಾಗಿ ಕಾಠಿಣ್ಯದ ಪೈಪೋಟಿಗಿಳಿದ ರಾಜಕಾರಣಿಗಳು ಕಟ್ಟಿದ ಗೋಡೆಯಿದು. ಸತ್ತವರ ಮನೆಯವರ ದುಃಖವನ್ನು ಯಾರೂ ಅಲ್ಲಗಳೆಯಲಾರರು. ಆದರೆ ಆ ದುಃಖಕ್ಕೆ ಉತ್ತರ ಹೇಳಬೇಕಾದವನು ಕೊಂದವನು. ಕ್ಯಾಲಿಫೋರ್ನಿಯಾ 2018ರಲ್ಲಿ ಈ ಕಾನೂನಿಗೆ ತಂದ ತಿದ್ದುಪಡಿ ಅವನನ್ನು ಬಿಟ್ಟಿಲ್ಲ; ಕೊಲ್ಲುವ ಉದ್ದೇಶದಿಂದ ನೆರವಾದವನನ್ನೂ, ಜೀವದ ಪರಿವೆಯಿಲ್ಲದೆ ಮುಖ್ಯ ಪಾತ್ರ ವಹಿಸಿದವನನ್ನೂ ಬಿಟ್ಟಿಲ್ಲ. ಉಳಿದವರಿಗೆ, ಈಗಾಗಲೇ ಜೈಲಿನಲ್ಲಿ ಇರುವವರಿಗೂ, ಮರುವಿಚಾರಣೆಯ ಬಾಗಿಲು ತೆರೆಯಿತು. ಮಿಕ್ಕ ರಾಜ್ಯಗಳು ಮಾಡಬೇಕಾದ ತಿದ್ದುಪಡಿಯೂ ಒಳಗಿರುವವರನ್ನು ಮುಟ್ಟಲೇಬೇಕು.