ಆರು ಅಂಕಿಗೆ ಯಾವ ಭಾಷೆ?

ಮುಂಬಯಿಯಿಂದ ಧಾರವಾಡದ ಅತ್ತೆಗೆ ಪತ್ರ ಹಾಕುವಾಗ ನಾನು ವಿಳಾಸ ಬರೆಯೋದು ಕನ್ನಡದಲ್ಲೇ. ಒಮ್ಮೆ ಕೌಂಟರಿನ ಹುಡುಗ ಲಕೋಟೆ ತಿರುಗಿಸಿ ನೋಡಿ, ಇಂಗ್ಲಿಷಿನಲ್ಲಿ ಬರೆದು ತನ್ನಿ ಅಂದ. ಅವನ ಮೇಲೆ ನನಗೆ ಸಿಟ್ಟಿಲ್ಲ. ಸಿಟ್ಟು ಬಂದದ್ದು ಅತ್ತೆ ಫೋನಿನಲ್ಲಿ, "ಇಂಗ್ಲಿಷಿನ್ಯಾಗ ಬರಿಯೋ ತಮ್ಮಾ, ಮುಟ್ಟಲಿಲ್ಲಂದ್ರ ಏನ್ ಮಾಡ್ತಿ?" ಅಂದಾಗ. ಊರಿನಲ್ಲಿರುವ ನೀವೆಲ್ಲ ಹೇಳೋದೂ ಇದನ್ನೇ.

ಸ್ವಾಮಿ, ಪಿನ್‌ಕೋಡ್ ಇರೋದು ಮತ್ತೆ ಯಾತಕ್ಕೆ? 1972ರ ಆಗಸ್ಟ್ 15ರಂದು ಅದು ಜಾರಿಗೆ ಬಂತು. ರೂಪಿಸಿದವರು ಶ್ರೀರಾಮ ಭಿಕಾಜಿ ವೇಲಣಕರ್, ಸ್ವತಃ ಸಂಸ್ಕೃತ ಕವಿ. ಒಂದೇ ಹೆಸರಿನ ಹತ್ತಾರು ಊರು, ಹತ್ತಾರು ಲಿಪಿ. ಈ ಗೊಂದಲ ಬಿಡಿಸಲೆಂದೇ ಆರು ಅಂಕಿ ಹುಟ್ಟಿದ್ದು. 580001 ಅಂದರೆ ಮೊದಲ 5 ಕರ್ನಾಟಕ, ಆಂಧ್ರ, ತೆಲಂಗಾಣಗಳ ವಲಯ. ಮೊದಲ ಮೂರು ಅಂಕಿ ಪತ್ರ ವಿಂಗಡಿಸುವ ಜಿಲ್ಲೆ. ಕೊನೆಯ ಮೂರು ಬಟವಾಡೆಯ ಅಂಚೆ ಕಚೇರಿ. ಮುಂಬಯಿಯವನು ಓದಬೇಕಾದ್ದು ಅಂಕಿ. ವಿಳಾಸ ಓದಬೇಕಾದವನು ಧಾರವಾಡದ ಪೋಸ್ಟ್‌ಮನ್. ಅವನಿಗೆ ಕನ್ನಡ ಬರೋದಿಲ್ಲವೇ?

ಮುಂಬಯಿಗೆ ಬರೆಯುವಾಗ ಇಲ್ಲಿಯವನು ಓದುವ ಲಿಪಿಯಲ್ಲಿ ಬರೆಯಿರಿ, ಅದೇ ನ್ಯಾಯ. ಸ್ಪೀಡ್ ಪೋಸ್ಟ್ ಆದರೆ ಗುಮಾಸ್ತ ಹೆಸರು ಟೈಪ್ ಮಾಡಬೇಕು, ಅದಕ್ಕೆ ಕೆಳಗೊಂದು ಸಾಲು ಇಂಗ್ಲಿಷಿರಲಿ. ಮೇಲಿನ ಸಾಲು ಬಿಟ್ಟುಕೊಡೋದು ಯಾಕೆ?

ಬ್ರಿಟನ್ನಿನ ಕೋಡಿನಲ್ಲಿ ಅಕ್ಷರ, ಅಂಕಿ ಬೆರೆತಿವೆ. ಕೆನಡಾದಲ್ಲಿ ಒಂದು ಅಕ್ಷರ, ಒಂದು ಅಂಕಿ, ಹೀಗೆ ಆರು. ಅಲ್ಲಿ ಇಂಗ್ಲಿಷಿಗೂ ಫ್ರೆಂಚಿಗೂ ಲಿಪಿ ಒಂದೇ, ನಡೆಯುತ್ತೆ. ನಮ್ಮದು ಬರೀ ಅಂಕಿ. ಓದು ಬಾರದ ಅಜ್ಜಿಯೂ ಬಸ್ಸಿನ ನಂಬರ್ ಗುರುತಿಸುತ್ತಾಳಲ್ಲ, ಹಾಗೆ ಅದು ಎಲ್ಲರ ಸೊತ್ತು.

ಆದರೆ 2025ರಲ್ಲಿ ಅಂಚೆ ಇಲಾಖೆ ತಂದ ಡಿಜಿಪಿನ್ ನೋಡಿ. ಸುಮಾರು ನಾಲ್ಕು ಮೀಟರ್ ಚೌಕಕ್ಕೊಂದು ಸಂಕೇತ, ಒಟ್ಟು ಹತ್ತು ಚಿಹ್ನೆ. ಆ್ಯಂಬುಲೆನ್ಸಿಗೆ ದಾರಿ ತೋರಿಸಲು ಉಪಯೋಗವೇ. ಪಿನ್‌ಕೋಡ್ ಕೂಡ ಉಳಿಯುತ್ತದಂತೆ, ಸಂತೋಷ. ಆದರೆ ಅದರಲ್ಲಿ ಎಂಟು ಅಂಕಿಯ ಜೊತೆ ಎಂಟು ರೋಮನ್ ಅಕ್ಷರ ಸೇರಿಸಿದ್ದಾರೆ. ಬರೀ ಅಂಕಿಯಲ್ಲೇ ಮಾಡಿದ್ದರೆ ಹತ್ತರ ಬದಲು ಹದಿಮೂರಾಗುತ್ತಿತ್ತು, ಅಷ್ಟೇ. ಹನ್ನೆರಡು ಅಂಕಿಯ ಆಧಾರ್ ಹೊತ್ತು ತಿರುಗುವ ಜನಕ್ಕೆ ಇನ್ನೊಂದು ಅಂಕಿ ಭಾರವೇ? ವೇಲಣಕರ್ ಕಂಡ ಸರಳ ಸತ್ಯವನ್ನು ಐವತ್ತಮೂರು ವರ್ಷದ ಮೇಲೆ ಮರೆತೆವು.

ಇಲಾಖೆಯನ್ನು ಬೈಯೋದು ಸುಲಭ. ಧಾರವಾಡದಿಂದ ಹಾವೇರಿಗೆ ಹೋಗುವ ಲಗ್ನಪತ್ರಿಕೆಯ ಮೇಲೂ ಇಂಗ್ಲಿಷ್ ವಿಳಾಸ ಬರೆಯುವ ನಮಗೆ ಬೈಯುವವರು ಯಾರು? ಆರು ಅಂಕಿ ಸರಿಯಾಗಿ ಬರೆಯಿರಿ, ಉಳಿದದ್ದು ಕನ್ನಡದಲ್ಲಿರಲಿ. ಅತ್ತೆಗೆ ನಾನು ಹಾಕಿದ ಪತ್ರಗಳು ಒಂದೂ ತಪ್ಪದೆ ಮುಟ್ಟಿವೆ.