ಜಯನಗರದ ಸ್ವೆಟರ್, ಹೊನ್ನಾವರದ ಫ್ಯಾನು

ಡಿಸೆಂಬರ್‌ನ ಮಬ್ಬು ಬೆಳಗಿನಲ್ಲಿ ಜಯನಗರ ನಾಲ್ಕನೇ ಬ್ಲಾಕಿನ ದರ್ಶಿನಿ ಮುಂದೆ ನಿಂತವರ ಕೈಯಲ್ಲಿ ಕಾಫಿ ಲೋಟ ಎಂದಿಗಿಂತ ಹೆಚ್ಚು ಹೊತ್ತು ಇರುತ್ತದೆ. ಕಾಫಿ ಮುಗಿದರೂ ಬೆರಳುಗಳಿಗೆ ಲೋಟದ ಬಿಸಿ ಬೇಕು. ಅದೇ ಹೊತ್ತಿಗೆ ಜೆ.ಪಿ. ನಗರದ ಯಾವುದೋ ಫ್ಲ್ಯಾಟಿನಿಂದ ಹೊನ್ನಾವರಕ್ಕೆ ಫೋನು ಹೋಗಿರುತ್ತದೆ. ‘ಅಮ್ಮಾ, ಇಲ್ಲಿ ಕೈಕಾಲು ಸೆಟೆದು ಹೋಗ್ತಿದೆ’ ಎಂದು ಮಗ ಅಂದರೆ, ‘ಎಂಥ ಚಳಿಯೋ ಮಾರಾಯ, ಇಲ್ಲಿ ಹೊತ್ತೇರಿದ ಮೇಲೆ ಫ್ಯಾನು ಆರಿಸ್ಲಿಕ್ಕಿಲ್ಲ’ ಎಂದು ಆ ಕಡೆಯ ಉತ್ತರ. ಇಬ್ಬರ ಮನೆಯ ಟಿ.ವಿ.ಯಲ್ಲೂ ಓಡುತ್ತಿರುವ ಚಳಿಗಾಲದ ಸುದ್ದಿ ಮಾತ್ರ ಒಂದೇ: ದೆಹಲಿಯ ಮಂಜು, ತಡವಾದ ರೈಲು, ಪಂಜಾಬಿನ ಶೀತ ಅಲೆ.

ತಕರಾರು ಇರುವುದು ಇಲ್ಲೇ. ಪ್ರತಿ ವರ್ಷ ಚಳಿಗಾಲದ ಮುನ್ಸೂಚನೆ ಬರುತ್ತದೆ. ಅದು ಉತ್ತರದ ಬಯಲಿನ ಅಳತೆಗೆ ಹೊಲಿದ ಅಂಗಿ. ಕಾರವಾರದಿಂದ ಉಳ್ಳಾಲದವರೆಗಿನ ಕರಾವಳಿಗೆ ಅದು ಹಿಡಿಸುವುದಿಲ್ಲ, ಬನಶಂಕರಿಗೂ ಹಿಡಿಸುವುದಿಲ್ಲ. ಹವಾಮಾನ ಇಲಾಖೆಯ ಲೆಕ್ಕದಲ್ಲಿ ಬಯಲುಸೀಮೆಗೆ ಶೀತ ಅಲೆ ಬಂತೆನ್ನಲು ಕನಿಷ್ಠ ತಾಪಮಾನ 10 ಡಿಗ್ರಿಗೆ ಇಳಿಯಬೇಕು, ವಾಡಿಕೆಗಿಂತ 4.5 ಡಿಗ್ರಿಯಾದರೂ ಕಡಿಮೆ ಇರಬೇಕು. ಬೀದರ್, ವಿಜಯಪುರದಲ್ಲಿ ಇದು ಆಗುವ ಮಾತು. ಬೆಂಗಳೂರಿನ ದಾಖಲೆಯಲ್ಲಿ ಅತಿ ಕಡಿಮೆ ತಾಪಮಾನ 7.8 ಡಿಗ್ರಿ, ಅದು 1884ರ ಜನವರಿ 13ರಂದು, ಜಯನಗರವೆಂಬ ಬಡಾವಣೆ ಹುಟ್ಟುವುದಕ್ಕೆ ಬಹಳ ಹಿಂದೆ. ಮಂಗಳೂರಿನಲ್ಲಂತೂ ಜನವರಿ ರಾತ್ರಿಯೇ 20 ಡಿಗ್ರಿಯ ಆಸುಪಾಸು.

ಹಾಗಾದರೆ ಬೆಂಗಳೂರಿನವರು ಪೆಟ್ಟಿಗೆ ತಳದಿಂದ ಸ್ವೆಟರ್ ತೆಗೆಯುವುದು ಯಾವಾಗ?

ಬಂಗಾಳಕೊಲ್ಲಿಯಲ್ಲಿ ವಾಯುಭಾರ ಕುಸಿದಾಗ. ಬೆಂಗಳೂರು ಎರಡು ಕಡಲುಗಳ ನಡುವೆ, ಸಮುದ್ರಮಟ್ಟದಿಂದ ಸುಮಾರು 900 ಮೀಟರ್ ಮೇಲೆ ಕೂತ ಊರು. ಪೂರ್ವಕ್ಕೆ ಚೆನ್ನೈ, ಪಶ್ಚಿಮಕ್ಕೆ ಮಂಗಳೂರು. ಕಾಗೆ ಹಾರಿದ ಲೆಕ್ಕದಲ್ಲಿ ಎರಡೂ 300 ಕಿಲೋಮೀಟರ್ ಹತ್ತಿರ. ಕೊಲ್ಲಿಯ ತೇವ ಹೊತ್ತ ಮೂಡಗಾಳಿ ಪ್ರಸ್ಥಭೂಮಿ ಹತ್ತುತ್ತ ತಣ್ಣಗಾಗಿ, ಊರಿನ ನೆತ್ತಿಯ ಮೇಲೆ ಬೂದುಬಣ್ಣದ ಮೋಡದ ಚಪ್ಪರ ಹಾಕುತ್ತದೆ. ಆಗ ನಡೆಯುವುದು ಒಂದು ಚಮತ್ಕಾರ: ಮೋಡ ನೆಲದ ಬಿಸಿಯನ್ನು ಹೊರಗೆ ಬಿಡದ ಕಾರಣ ರಾತ್ರಿಯ ತಾಪಮಾನ ಹೆಚ್ಚೇನೂ ಇಳಿಯುವುದಿಲ್ಲ, ಆದರೆ ಹಗಲು ಏಳುವುದೇ ಇಲ್ಲ. ಮರುದಿನದ ಪತ್ರಿಕೆಯಲ್ಲಿ ಕನಿಷ್ಠ ತಾಪಮಾನ ವಾಡಿಕೆಗಿಂತ ಜಾಸ್ತಿ ಎಂದು ಅಚ್ಚಾಗಿರುತ್ತದೆ. ಅದನ್ನು ಓದುವವರು ಮಫ್ಲರ್ ಸುತ್ತಿಕೊಂಡಿರುತ್ತಾರೆ. ಅಂಕಿಯೂ ಸುಳ್ಳಲ್ಲ, ಮಫ್ಲರೂ ಸುಳ್ಳಲ್ಲ. ಆ ದಿನಗಳಲ್ಲಿ ಊರನ್ನು ನಡುಗಿಸುವುದು ಮಧ್ಯಾಹ್ನ. ಮುನ್ಸೂಚನೆ ಮಾತಾಡುವುದು ಮಾತ್ರ ರಾತ್ರಿಯ ಬಗ್ಗೆ.

ಇತ್ತೀಚಿನ ಚಳಿಗಾಲಗಳನ್ನು ಬೆಂಗಳೂರಿಗರು ನೆನಪಿಟ್ಟುಕೊಂಡಿರುವುದೂ ಚಂಡಮಾರುತಗಳ ಹೆಸರಿನಿಂದಲೇ. 2022ರ ಡಿಸೆಂಬರ್ 9ರ ರಾತ್ರಿ ಮಹಾಬಲಿಪುರದ ಬಳಿ ದಡ ಸೇರಿದ ಮ್ಯಾಂಡೌಸ್ ಇಲ್ಲಿ ದಿನಗಟ್ಟಲೆ ತುಂತುರು ಸುರಿಸಿತು. 2023ರಲ್ಲಿ ಚೆನ್ನೈಯನ್ನು ಮುಳುಗಿಸಿ ಡಿಸೆಂಬರ್ 5ರಂದು ಬಾಪಟ್ಲದ ಬಳಿ ನೆಲಕ್ಕೆ ಬಂದದ್ದು ಮಿಚಾಂಗ್. 2024ರಲ್ಲಿ ಫೆಂಗಲ್ ನವೆಂಬರ್ 30ರ ರಾತ್ರಿ ಪುದುಚೇರಿ ಹತ್ತಿರ ದಡ ಹತ್ತಿತು. ಬಸವನಗುಡಿಯ ಕಡಲೆಕಾಯಿ ಪರಿಷೆ ಮುಗಿದು ವಾರವೂ ಆಗಿರಲಿಲ್ಲ. ಬಿಟಿಎಂ ಲೇಔಟ್, ಸಿಲ್ಕ್ ಬೋರ್ಡ್ ರಸ್ತೆಗಳಲ್ಲಿ ಜಿಟಿಜಿಟಿ ಮಳೆಗೆ ವಾಹನ ತೆವಳಿದವು, ಕೋಲಾರದ ಕಡೆ ಶಾಲೆಗಳಿಗೆ ರಜೆ. ಅಷ್ಟಕ್ಕೇ ನಿಲ್ಲದೆ ಅದರ ಉಳಿಕೆ ಘಟ್ಟ ದಾಟಿತು: ಡಿಸೆಂಬರ್ 3ರಂದು ದಕ್ಷಿಣ ಕನ್ನಡ, ಉಡುಪಿ ಜಿಲ್ಲೆಗಳ ಶಾಲೆಗಳೂ ಬಾಗಿಲು ಹಾಕಿದವು.

ಆ ಮಳೆ ಅಲ್ಲಿ ಬಿದ್ದದ್ದು ಅಡಿಕೆ ಹರವಿದ ಅಂಗಳದ ಮೇಲೆ. ಪುತ್ತೂರು, ಸುಳ್ಯ, ಬೆಳ್ತಂಗಡಿಯ ಕೃಷಿಕರಿಗೆ ಡಿಸೆಂಬರ್ ಎಂದರೆ ಹಣ್ಣಡಿಕೆ ಕೊಯ್ದು ಒಣಗಿಸುವ ಕಾಲ. ಹೀಗೆ ಒಣಗಿಸುವ ಚಾಲಿ ಅಡಿಕೆಗೆ ಚಳಿ ಬೇಕಿಲ್ಲ, ಬಿಸಿಲು ಬೇಕು. ಅದೂ ಒಂದೂವರೆ ತಿಂಗಳ ಹತ್ತಿರ, ಬಿಡದೆ. ಮಧ್ಯೆ ಎರಡು ದಿನ ಮಳೆ ನುಗ್ಗಿದರೆ ಅಡಿಕೆಗೆ ಬೂಸು ಹಿಡಿದು ದರ ಬೀಳುತ್ತದೆ. ಒಣಮೀನು ಹರವುವವರಿಗೂ, ಬಯಲಲ್ಲಿ ಯಕ್ಷಗಾನ ಮೇಳದ ರಂಗಸ್ಥಳ ಕಟ್ಟುವವರಿಗೂ ಇದೇ ಚಿಂತೆ. ‘ಡಿಸೆಂಬರ್‌ನಿಂದ ಫೆಬ್ರುವರಿವರೆಗೆ ಕನಿಷ್ಠ ತಾಪಮಾನ ವಾಡಿಕೆಗಿಂತ ಹೆಚ್ಚಿರುವ ಸಂಭವ’ ಎಂಬ ಒಂದು ಸಾಲು ಹಿಡಿದುಕೊಂಡು ಇವರು ಮಾಡುವುದಾದರೂ ಏನು?

ಕರಾವಳಿಯ ಚಳಿಗಾಲಕ್ಕೆ ಇನ್ನೊಂದು ಮುಖವಿದೆ, ಅದು ಸೆಕೆ. ಆಕಾಶ ತಿಳಿಯಾಗಿದ್ದಾಗ ಅದೇ ಮೂಡಗಾಳಿ ಘಟ್ಟದ ನೆತ್ತಿಯಿಂದ ಕೆಳಗೆ ಜಾರುತ್ತದೆ. ಒಣಗಾಳಿ ಒಂದು ಕಿಲೋಮೀಟರ್ ಇಳಿದರೆ ಸುಮಾರು 10 ಡಿಗ್ರಿ ಬಿಸಿಯಾಗುತ್ತದೆ. ಮೇಲೆ ಬೆಂಗಳೂರಿನವರ ಕಿವಿ ತಣ್ಣಗೆ ಮಾಡಿದ ಗಾಳಿ ಕೆಳಗೆ ಕುಮಟೆ, ಅಂಕೋಲೆ ಮುಟ್ಟುವ ಹೊತ್ತಿಗೆ ಒಲೆಯ ಉಸಿರು. ಇದರ ಒತ್ತಡಕ್ಕೆ ಕಡಲಗಾಳಿ ದಡಕ್ಕೆ ಬರುವುದು ತಡವಾದಷ್ಟೂ ಉಷ್ಣಾಂಶ ಏರುತ್ತ ಹೋಗುತ್ತದೆ. ದೇಶದ ಬಿಸಿ ಊರುಗಳ ದಿನದ ಪಟ್ಟಿಯಲ್ಲಿ ಜನವರಿ, ಫೆಬ್ರುವರಿಯಲ್ಲೇ ಕಾರವಾರ, ಹೊನ್ನಾವರ ಮೇಲೆ ಬಂದು ಕೂರುವುದು ಹೀಗೆ.

ಶಿವರಾತ್ರಿಗೆ ಚಳಿ ಶಿವಶಿವಾ ಎಂದು ಓಡುತ್ತದೆ ಎನ್ನುತ್ತಾರೆ. 2025ರಲ್ಲಿ ಶಿವರಾತ್ರಿ ಫೆಬ್ರುವರಿ 26ಕ್ಕೆ ಬಂತು. ಆ ವಾರ ಕರಾವಳಿ ಕರ್ನಾಟಕಕ್ಕೆ ಹವಾಮಾನ ಇಲಾಖೆ ಕೊಟ್ಟದ್ದು ಬಿಸಿಗಾಳಿಯ ಎಚ್ಚರಿಕೆ. ಇಲಾಖೆಯ ಪಂಚಾಂಗದ ಪ್ರಕಾರ ಅದಿನ್ನೂ ಚಳಿಗಾಲ. ಇಲಾಖೆ ಚಳಿಗಾಲವೆಂದು ಎಣಿಸುವುದು ಜನವರಿ, ಫೆಬ್ರುವರಿಯನ್ನು ಮಾತ್ರ. 1901ರಿಂದೀಚೆಗೆ ದೇಶ ಕಂಡ ಅತಿ ಬಿಸಿಯ ಫೆಬ್ರುವರಿ ಅದಾಗಿತ್ತು. ಹಾಗಿರುವಾಗ ಚಳಿಗಾಲದ ಮುನ್ನೋಟದೊಳಗೇ ಕರಾವಳಿಯ ಹಗಲಿನ ಸೆಕೆಗೆ ಒಂದು ಪ್ಯಾರಾ ಮೀಸಲಿಟ್ಟರೆ ಗಂಟೇನು ಹೋಗುತ್ತದೆ?

ಲಾ ನಿನಾ, ಎಲ್ ನಿನೊ ಎಂದು ದೂರದ ಪೆಸಿಫಿಕ್‌ನ ಹೆಸರು ಹೇಳಿ ಕೈತೊಳೆದುಕೊಳ್ಳುವುದೂ ಸಾಲದು. ಎಲ್ ನಿನೊ ವರ್ಷ ಹಿಂಗಾರು ಜೋರು, ಲಾ ನಿನಾ ವರ್ಷ ಸಪ್ಪೆ ಎಂಬುದು ಸಾಮಾನ್ಯ ಲೆಕ್ಕ. ಚೆನ್ನೈ ಮುಳುಗಿದ 2015 ಅದಕ್ಕೆ ಸರಿಹೊಂದಿತು. ಆದರೆ 2021 ಲಾ ನಿನಾ ವರ್ಷವಾಗಿದ್ದೂ ಆ ಲೆಕ್ಕ ತಪ್ಪಿಸಿತು. ಆ ನವೆಂಬರ್‌ನಲ್ಲಿ ಯಲಹಂಕದ ಅಪಾರ್ಟ್‌ಮೆಂಟಿನಿಂದ ಜನರನ್ನು ದೋಣಿಯಲ್ಲಿ ಕರೆತರಬೇಕಾಯಿತು, ಬಯಲುಸೀಮೆಯ ರಾಗಿ ತೆನೆ ಹೊಲದಲ್ಲೇ ಮೊಳೆಯಿತು.

ಹವಾಮಾನ ಇಲಾಖೆಗೆ ವಿದ್ಯೆ ಕಡಿಮೆ ಎಂದು ಯಾರೂ ಹೇಳುವಂತಿಲ್ಲ. ಚಂಡಮಾರುತದ ಜಾಡನ್ನು ಅದು ದಿನಗಳ ಮುಂಚೆಯೇ ಗುರುತಿಸುತ್ತದೆ. 2017ರ ಓಖಿಯಲ್ಲಿ ಎಚ್ಚರಿಕೆ ಮುಟ್ಟುವ ಹೊತ್ತಿಗೆ ಕೇರಳ, ತಮಿಳುನಾಡಿನ ಮೀನುಗಾರರು ಆಳ ಸಮುದ್ರದಲ್ಲಿದ್ದರು. ನೂರಾರು ಜನ ಹಿಂದಿರುಗಲಿಲ್ಲ. ಆ ದುರಂತದ ನಂತರ ದೋಣಿಗಳಿಗೆ ಸುದ್ದಿ ಮುಟ್ಟಿಸುವ ದಾರಿಗಳು ಸುಧಾರಿಸಿವೆ. ರಾಜ್ಯದ ನೈಸರ್ಗಿಕ ವಿಕೋಪ ಉಸ್ತುವಾರಿ ಕೇಂದ್ರದ ಮಳೆಮಾಪಕಗಳು ಗ್ರಾಮ ಪಂಚಾಯಿತಿ ಮಟ್ಟದಲ್ಲಿವೆ, ರೈತರಿಗೆ ‘ವರುಣ ಮಿತ್ರ’ ಸಹಾಯವಾಣಿ, ಬೆಂಗಳೂರಿಗೆ ‘ಮೇಘ ಸಂದೇಶ’ ಆ್ಯಪ್ ಇವೆ. ಕೊರತೆ ಇರುವುದು ಮಾತಿನಲ್ಲಿ. ಅಡಿಕೆ ಅಂಗಳದವರಿಗೆ ಮುಂದಿನ ವಾರ ಎಷ್ಟು ದಿನ ಬಿಸಿಲು ಎಂದು ಬೇಕು. ದೋಣಿಯವರಿಗೆ ಅಲೆಯ ಎತ್ತರ. ಕನಕಪುರ ರಸ್ತೆಯಾಚೆ ರಾಗಿ ಮೆದೆ ಒಟ್ಟಿದವರಿಗೆ ಒಕ್ಕಣೆಗೆ ಒಣ ದಿನ. ಸಜ್ಜನ್ ರಾವ್ ವೃತ್ತದ ಬೀದಿಬದಿಯಲ್ಲಿ ಅವರೆಕಾಯಿ ರಾಶಿ ಹಾಕುವವರಿಗೆ, ಇಬ್ಬನಿಯೋ ಮೋಡವೋ ಎಂಬ ಖಚಿತ ಉತ್ತರ. ಇಬ್ಬನಿ ಬಿದ್ದರೆ ತಾನೇ ಕಾಯಿಗೆ ಸೊಗಡು. ಇವರೆಲ್ಲರಿಗೂ ಈಗ ಸಿಗುತ್ತಿರುವುದು ಜಿಲ್ಲೆಗೊಂದು ಬಣ್ಣ: ಹಸಿರು, ಹಳದಿ, ಕಿತ್ತಳೆ, ಕೆಂಪು.

ಅದು ಸರಿಹೋಗುವ ತನಕ ದಕ್ಷಿಣ ಬೆಂಗಳೂರಿನ ಹಿರಿಯರು ಕಂಡುಕೊಂಡ ಉಪಾಯ ಇದ್ದೇ ಇದೆ. ಬೆಳಿಗ್ಗೆ ವಾಕಿಂಗ್‌ಗೆ ಹೊರಡುವ ಮುಂಚೆ ಅವರು ನೋಡುವುದು ಚೆನ್ನೈಯ ಹವಾಮಾನ. ಅಲ್ಲಿ ಮಳೆ ಎಂದಿದ್ದರೆ ಇಲ್ಲಿ ಟೋಪಿ ತಲೆಗೇರುತ್ತದೆ.