ಎಲ್ಲರನ್ನೂ ಒಂದೇ ತಕ್ಕಡಿಯಲ್ಲಿ ತೂಗುವ ಮುನ್ನ

ಮುಂಬಯಿಯ ಲೋಕಲ್ ರೈಲಿನಲ್ಲಿ, ಕಚೇರಿಯಲ್ಲಿ, ಹೌಸಿಂಗ್ ಸೊಸೈಟಿಯ ಸಭೆಯಲ್ಲಿ ಕನ್ನಡಿಗರ ಕಿವಿಗೆ ಆಗಾಗ ಬೀಳುವ ಮಾತುಗಳು ಕೆಲವಿವೆ. ‘ಮದ್ರಾಸಿಗಳೆಲ್ಲ ಹೀಗೇ’ ಎಂಬುದು ಒಂದು. ‘ಶೆಟ್ಟಿ ಎಂದ ಮೇಲೆ ಹೊಟೇಲ್ ಇರಲೇಬೇಕು’ ಎಂಬುದು ಇನ್ನೊಂದು. ಇದನ್ನು ಕೇಳಿ ನೊಂದುಕೊಳ್ಳುವವರೇ ಮನೆಗೆ ಬಂದು ‘ಉತ್ತರದಿಂದ ಬಂದವರೆಲ್ಲ ಹಾಗೇ’, ‘ಇಲ್ಲಿ ಹುಟ್ಟಿದ ಮಕ್ಕಳಿಗೆ ಕನ್ನಡವೇ ಬೇಡ’ ಎಂದು ತೀರ್ಪು ನೀಡುವುದೂ ಉಂಟು. ಇಂಥ ಎಲ್ಲ ಮಾತುಗಳಿಗೂ ಸಭೆಗಳಲ್ಲಿ, ಬರಹಗಳಲ್ಲಿ ಒಂದೇ ಪದ ಬಳಕೆಯಾಗುತ್ತಿದೆ: ‘ಸಾಮಾನ್ಯೀಕರಣ’. ಆದರೆ ಇವೆಲ್ಲ ಒಂದೇ ಬಗೆಯ ತಪ್ಪುಗಳಲ್ಲ. ಬೇರೆ ಬೇರೆ ರೋಗಗಳಿಗೆ ಒಂದೇ ಹೆಸರಿಟ್ಟರೆ ತಕ್ಕ ಮದ್ದು ಕೊಡುವುದಾದರೂ ಹೇಗೆ?

ಮೊದಲನೆಯದಾಗಿ, ಸಾಮಾನ್ಯೀಕರಣ ಎಂಬುದು ತಾನಾಗಿಯೇ ದೋಷವಲ್ಲ. ಅದಿಲ್ಲದೆ ಬದುಕೇ ಸಾಗದು. ಅನ್ನ ಬೆಂದಿದೆಯೇ ಎಂದು ತಿಳಿಯಲು ಯಾರೂ ಪಾತ್ರೆಯ ಅಗುಳನ್ನೆಲ್ಲ ಹಿಚುಕುವುದಿಲ್ಲ. ಒಂದೆರಡು ಅಗುಳು ಸಾಕು. ಇದನ್ನೇ ನಮ್ಮ ಹಿರಿಯರು ‘ಸ್ಥಾಲೀಪುಲಾಕ ನ್ಯಾಯ’ ಎಂದು ಕರೆದರು. ಆದರೆ ಈ ನ್ಯಾಯ ಸಲ್ಲುವುದಕ್ಕೆ ಕಾರಣವಿದೆ. ಪಾತ್ರೆಯಲ್ಲಿರುವುದು ಒಂದೇ ಜಾತಿಯ ಅಕ್ಕಿ, ಅದಕ್ಕೆ ಹಾಕಿದ್ದು ಒಂದೇ ನೀರು, ಕೆಳಗಿರುವುದು ಒಂದೇ ಉರಿ. ಮನುಷ್ಯರು ಹೀಗೆ ಒಂದೇ ಪಾತ್ರೆಯಲ್ಲಿ ಬೆಂದವರಲ್ಲ. ಒಂದೇ ಮನೆಯ ಅಣ್ಣತಮ್ಮಂದಿರೇ ಒಂದೇ ತೆರನಾಗಿರುವುದಿಲ್ಲ. ಇಬ್ಬರನ್ನು ಕಂಡು ಇಡೀ ಊರಿನ ಬಗ್ಗೆ ಮಾತನಾಡುವುದು ‘ಅವಸರದ ತೀರ್ಮಾನ’. ಇಲ್ಲಿನ ಕೊರತೆ ಸಾಕ್ಷ್ಯದ್ದು. ಇನ್ನಷ್ಟು ಜನರೊಂದಿಗೆ ಒಡನಾಡಿದರೆ ಈ ತಪ್ಪು ತಾನಾಗಿ ತಿದ್ದಿಕೊಳ್ಳುತ್ತದೆ.

ಎರಡನೆಯ ತಪ್ಪು ಮಾತನ್ನು ತಿರುಗಿಸಿ ಹಿಡಿಯುವುದು. ಹೊಗೆಯಿದ್ದಲ್ಲಿ ಬೆಂಕಿ ಇದೆ ಎಂಬುದು ನಿಜ. ಆದರೆ ಬೆಂಕಿಯಿದ್ದಲ್ಲೆಲ್ಲ ಹೊಗೆ ಇರಬೇಕಿಲ್ಲ. ಕಾದು ಕೆಂಪಾದ ಕಬ್ಬಿಣದ ಗುಂಡಿನಲ್ಲಿ ಬೆಂಕಿಯ ಗುಣವಿದೆ, ಹೊಗೆ ಇಲ್ಲ ಎಂದು ನ್ಯಾಯಶಾಸ್ತ್ರದವರು ಉದಾಹರಣೆ ಕೊಡುತ್ತಾರೆ. ಮುಂಬಯಿಯ ಉಡುಪಿ ಹೊಟೇಲುಗಳನ್ನು ಕಟ್ಟಿ ಬೆಳೆಸಿದವರಲ್ಲಿ ಕರಾವಳಿಯವರೇ ಹೆಚ್ಚು ಎಂಬುದು ಹೆಮ್ಮೆಯ ಸತ್ಯ. ಹಾಗೆಂದು ಕರಾವಳಿಯವರೆಲ್ಲ ಹೊಟೇಲಿನವರು ಎಂದರೆ ಅದು ಸುಳ್ಳು. ಹಗಲು ಹೊಟೇಲಿನಲ್ಲಿ ದುಡಿದು, ಸಂಜೆ ಕನ್ನಡ ರಾತ್ರಿ ಶಾಲೆಗಳಲ್ಲಿ ಓದಿ ಬ್ಯಾಂಕ್ ನೌಕರರೂ ವಕೀಲರೂ ಅಧ್ಯಾಪಕರೂ ಆದವರ ಶ್ರಮವನ್ನು ಆ ಒಂದು ಮಾತು ಅಳಿಸಿ ಹಾಕುತ್ತದೆ.

ಮೂರನೆಯದು ‘ಅತಿವ್ಯಾಪ್ತಿ’. ಇದು ಹಳೆಯ ಶಾಸ್ತ್ರದ ಪದವಾದರೂ ಇಂದಿಗೂ ಉಪಯುಕ್ತ. ‘ಕೊಂಬಿರುವ ಪ್ರಾಣಿಯೇ ಹಸು’ ಎಂದರೆ ಎಮ್ಮೆಯೂ ಹಸುವಾಗಿಬಿಡುತ್ತದೆ. ಬೇಲಿ ಹಾಕಬೇಕಾದ ಜಾಗಕ್ಕಿಂತ ಆಚೆ ಹಾಕಿದಂತೆ. ‘ಮದ್ರಾಸಿ’ ಎಂಬ ಪದದ ಕತೆಯೂ ಇದೇ. 1956ರ ನವೆಂಬರ್ 1ರ ರಾಜ್ಯ ಪುನರ್ವಿಂಗಡಣೆಯ ತನಕ ದಕ್ಷಿಣ ಕನ್ನಡ ಜಿಲ್ಲೆ ಮದ್ರಾಸ್ ರಾಜ್ಯದಲ್ಲಿತ್ತು. ಆಗ ಮಂಗಳೂರಿನವರನ್ನು ಹಾಗೆ ಕರೆಯುವುದಕ್ಕೆ ನಕಾಶೆಯ ಆಧಾರವಾದರೂ ಇತ್ತು. ಆದರೆ ಬೆಳಗಾವಿ, ಬಿಜಾಪುರ, ಧಾರವಾಡ, ಉತ್ತರ ಕನ್ನಡದವರು ಆಗ ಮುಂಬಯಿ ರಾಜ್ಯದ ಪ್ರಜೆಗಳೇ ಆಗಿದ್ದರು. ತಮ್ಮದೇ ರಾಜ್ಯದ ರಾಜಧಾನಿಯಲ್ಲಿ ಅವರೂ ‘ಮದ್ರಾಸಿ’ಗಳೆನಿಸಿಕೊಂಡರು! ಮದ್ರಾಸ್ ರಾಜ್ಯ 1969ರಲ್ಲಿ ತಮಿಳುನಾಡಾಯಿತು, 1996ರಲ್ಲಿ ಮದ್ರಾಸ್ ನಗರ ಚೆನ್ನೈ ಆಯಿತು. ಮುಂಬಯಿಯ ಬಾಯಲ್ಲಿ ಮಾತ್ರ ಆ ಪದ ಹಾಗೆಯೇ ಉಳಿಯಿತು.

ಕೊನೆಯದು, ಎಲ್ಲಕ್ಕಿಂತ ಕಠಿಣವಾದದ್ದು ‘ಪೂರ್ವಾಗ್ರಹ’. ಅವಸರದ ತೀರ್ಮಾನ ಕಂಡ ಮೇಲೆ ಆಗುವಂಥದ್ದು. ಪೂರ್ವಾಗ್ರಹ ಕಾಣುವ ಮೊದಲೇ ಆಗಿರುತ್ತದೆ. ಇದನ್ನು ಗುರುತಿಸಲು ಸುಲಭ ಉಪಾಯವೊಂದಿದೆ. ಎದುರಿಗೆ ಬೇರೆಯದೇ ಉದಾಹರಣೆ ಬಂದಾಗ ಮಾತನಾಡುವವರು ಏನನ್ನುತ್ತಾರೆ ಎಂದು ಗಮನಿಸಿದರೆ ಸಾಕು. ‘ಹೌದಾ? ಹಾಗಾದರೆ ತಿಳಿದದ್ದು ತಪ್ಪು’ ಎಂದರೆ ಅದು ಬರೀ ಅವಸರ. ‘ನೀವು ಬಿಡಿ, ನೀವು ಅವರ ಹಾಗಲ್ಲ’ ಎಂದರೆ ಅದು ಪೂರ್ವಾಗ್ರಹ. ಹೊಗಳಿಕೆಯಂತೆ ಕೇಳಿಸುವ ಈ ಮಾತಿನಲ್ಲಿ ಒಬ್ಬರಿಗೆ ರಿಯಾಯಿತಿ ಸಿಗುತ್ತದೆ, ಉಳಿದವರ ಮೇಲಿನ ತೀರ್ಪು ಹಾಗೆಯೇ ಉಳಿಯುತ್ತದೆ. ಇಂಥವರಿಗೆ ನೂರು ಉದಾಹರಣೆ ಕೊಟ್ಟರೂ ಪ್ರಯೋಜನವಿಲ್ಲ.

ಇದು ಕೇವಲ ಪದಗಳ ಜಿಜ್ಞಾಸೆ ಎಂದು ತಳ್ಳಿಹಾಕುವಂತಿಲ್ಲ. 1966ರಲ್ಲಿ ಶಿವಸೇನೆ ಸ್ಥಾಪನೆಯಾದ ನಂತರದ ವರ್ಷಗಳಲ್ಲಿ ಮುಂಬಯಿಯಲ್ಲಿ ದಕ್ಷಿಣ ಭಾರತೀಯರ ವಿರುದ್ಧ ಚಳವಳಿ ನಡೆದಾಗ ಉಡುಪಿ ಹೊಟೇಲುಗಳೂ ಅದರ ಬಿಸಿ ಅನುಭವಿಸಿದವು. ಲುಂಗಿ ಉಟ್ಟವರು ಯಾವ ಭಾಷೆಯವರು, ಎಷ್ಟು ತಲೆಮಾರಿನಿಂದ ಇಲ್ಲಿರುವವರು ಎಂದು ಯಾರೂ ಕೇಳಲಿಲ್ಲ. ಇನ್ನೂ ಘೋರವಾದ ಉದಾಹರಣೆ ಬ್ರಿಟಿಷ್ ಸರಕಾರ 1871ರಲ್ಲಿ ತಂದ ಅಪರಾಧಿ ಬುಡಕಟ್ಟುಗಳ ಕಾಯ್ದೆ. ಕೆಲವರ ಅಪರಾಧಕ್ಕೆ ಇಡೀ ಸಮುದಾಯಗಳನ್ನೇ ಹುಟ್ಟಿನಿಂದ ಅಪರಾಧಿಗಳೆಂದು ಅದು ಪಟ್ಟಿ ಮಾಡಿತು. ಅವರು ಪೊಲೀಸರ ಮುಂದೆ ಹಾಜರಿ ಹಾಕಬೇಕಿತ್ತು, ಅಪ್ಪಣೆಯಿಲ್ಲದೆ ಊರು ಬಿಡುವಂತಿರಲಿಲ್ಲ. ಮುಂಬಯಿ ಪ್ರಾಂತದ ಸೊಲ್ಲಾಪುರ, ಹುಬ್ಬಳ್ಳಿಗಳಲ್ಲಿ ಇವರಿಗಾಗಿಯೇ ‘ಸೆಟಲ್‌ಮೆಂಟು’ಗಳಿದ್ದವು. ಸ್ವಾತಂತ್ರ್ಯ ಬಂದು ಐದು ವರ್ಷಗಳ ಬಳಿಕ, 1952ರಲ್ಲಿ, ಕಾಯ್ದೆ ರದ್ದಾಯಿತು. ಪಟ್ಟಿ ಹೋದರೂ ಕಳಂಕ ಹೋಗಲಿಲ್ಲ. ಎಲ್ಲಾದರೂ ಕಳವಾದರೆ ಮೊದಲ ಸಂಶಯ ಇಂದಿಗೂ ಆ ಸಮುದಾಯಗಳತ್ತಲೇ ತಿರುಗುವುದು ಖೇದಕರ.

ಬಾಯಿಮಾತಿನ ‘ಎಲ್ಲರೂ’ ಎಂಬುದು ಕಾನೂನಿನ ಪುಸ್ತಕಕ್ಕೆ ಏರಿದರೆ ಏನಾಗುತ್ತದೆ ಎಂಬುದಕ್ಕೆ ಇದಕ್ಕಿಂತ ಬೇರೆ ಸಾಕ್ಷಿ ಬೇಕಿಲ್ಲ. ಇಂದು ಸೊಸೈಟಿಯ ಸಭೆಯಲ್ಲಿ ‘ಇಂಥವರಿಗೆ ಮನೆ ಬಾಡಿಗೆಗೆ ಬೇಡ’ ಎಂಬ ಮಾತು ಬಂದಾಗ ಅದರ ಬೇರು ಎಲ್ಲಿದೆ ಎಂದು ಹೊರನಾಡ ಕನ್ನಡಿಗರಾದರೂ ಯೋಚಿಸಬೇಕು. ಅದೇ ಮಾತನ್ನು ಒಂದು ಕಾಲದಲ್ಲಿ ಕೇಳಿಸಿಕೊಂಡವರು ಅವರು.

ಆದ್ದರಿಂದ ತಪ್ಪನ್ನು ಅದರ ಸರಿಯಾದ ಹೆಸರಿನಿಂದಲೇ ಕರೆಯುವ ರೂಢಿ ಬರಬೇಕು. ಅವಸರದ ತೀರ್ಮಾನವಾದರೆ ಇನ್ನಷ್ಟು ಉದಾಹರಣೆ ಕೊಟ್ಟು ತಿದ್ದಬಹುದು. ಮಾತು ತಿರುಗುಮುರುಗಾಗಿದ್ದರೆ ನೇರ ಮಾಡಬಹುದು. ಅತಿವ್ಯಾಪ್ತಿಯಾದರೆ ಬೇಲಿಯನ್ನು ಒಳಗೆ ಸರಿಸಬಹುದು. ಪೂರ್ವಾಗ್ರಹಕ್ಕೆ ಮಾತ್ರ ವಾದ ಸಾಲದು. ಒಟ್ಟಿಗೆ ಕೂತು ಉಣ್ಣುವ, ಕಷ್ಟಕ್ಕಾಗುವ ನೆರೆಹೊರೆಯೇ ಅದಕ್ಕೆ ಮದ್ದು. ಅಜ್ಞಾನದಿಂದ ಆಡಿದವರನ್ನು ದ್ವೇಷಿಗಳೆಂದು ಜರೆದರೆ ಅದೂ ಒಂದು ಅವಸರದ ತೀರ್ಮಾನವೇ ಆದೀತು.

ಈ ಕೆಲಸ ಮನೆಯಿಂದಲೇ ಆರಂಭವಾಗಲಿ. ‘ಇಲ್ಲಿ ಹುಟ್ಟಿದ ಮಕ್ಕಳಿಗೆ ಕನ್ನಡವೇ ಬೇಡ’ ಎಂದು ವೇದಿಕೆಯಿಂದ ಗುಡುಗುವ ಮುನ್ನ ಸಂಘದ ಹಿರಿಯರು ಸಭಾಂಗಣದ ಹಿಂದಿನ ಸಾಲುಗಳತ್ತ ಒಮ್ಮೆ ಕಣ್ಣು ಹಾಯಿಸಲಿ. ಆ ಮಾತನ್ನು ಕನ್ನಡದಲ್ಲೇ ಕೇಳಿಸಿಕೊಂಡು, ಅರ್ಥ ಮಾಡಿಕೊಂಡು ಮನಸ್ಸು ಮುದುಡಿಸಿಕೊಳ್ಳುವ ಕೆಲವು ಮಕ್ಕಳಾದರೂ ಅಲ್ಲಿರುತ್ತಾರೆ. ‘ಎಲ್ಲರೂ’ ಎನ್ನುವ ಕಡೆ ‘ಕೆಲವರು’ ಎಂದರೆ ಭಾಷಣದ ಆವೇಶ ಸ್ವಲ್ಪ ಕಡಿಮೆಯಾದೀತು. ಆದರೆ ಆ ಮಕ್ಕಳು ಮುಂದಿನ ಸಭೆಗೂ ಬಂದಾರು.